ಕ್ಯಾರವಾನ್ ಸ್ಲೈಡ್ ಔಟ್ ಸೋರುತ್ತಿದೆಯಾ? ಸಿಲಿಕೋನ್ ಟ್ಯೂಬ್ ಮುಟ್ಟುವ ಮುಂಚೆ ಇದನ್ನು ನೋಡಿ

(ಕ್ಲೋಸ್ ಅಪ್: ಗಾಡಿಯ ಒಳಗೆ, ನೆಲದ ಮೂಲೆ. ಕೈಯಲ್ಲಿ ಸ್ಕ್ರೂಡ್ರೈವರ್.)

ಈ ಮೂಲೆ ನೋಡಿ. ಮೇಲಿನ ವಿನೈಲ್ ಶೀಟ್ ಚೆನ್ನಾಗೇ ಇದೆ, ಹೊಳೆಯುತ್ತಲೂ ಇದೆ. ಈಗ ಶೀಟ್ ಎತ್ತಿ ಸ್ಕ್ರೂಡ್ರೈವರ್ ಇಟ್ಟು ಒತ್ತುತ್ತೇನೆ. ಜೋರಾಗಿ ಅಲ್ಲ, ಎರಡೇ ಬೆರಳಲ್ಲಿ. ಹೋಯ್ತು, ಅರ್ಧ ಇಂಚು ಒಳಗೆ ಹೋಯ್ತು. ಇದು 18 ಎಂಎಂ ಪ್ಲೈವುಡ್. ಟೀಯಲ್ಲಿ ಅದ್ದಿದ ರಸ್ಕ್ ಥರ ಆಗಿದೆ.

(ಶೆಡ್‌ನ ಹೊರಗೆ, ಗಾಡಿ ಪಕ್ಕ ನಿಂತು.)

ನಮಸ್ಕಾರ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಶೆಡ್ ಇದೆ. ಬಸ್ ಬಾಡಿ, ಟಿಟಿ ಬಾಡಿ ಕೆಲಸ ಮಾಡುತ್ತೇವೆ. ಮೇಲುಕೋಟೆ, ಶ್ರೀರಂಗಪಟ್ಟಣದ ಹತ್ತಿರದ ಮಹದೇವಪುರ, ಈ ಕಡೆ ಶೂಟಿಂಗ್‌ಗೆ ಬರುವ ಕ್ಯಾರವಾನ್‌ಗಳು ರಿಪೇರಿಗೆ ನಮ್ಮಲ್ಲಿಗೆ ಬರುತ್ತವೆ. ಈಗೀಗ ಫ್ಯಾಮಿಲಿ ಟ್ರಿಪ್‌ಗೆ ಅಂತ ಮಾಡಿಸಿಕೊಂಡ ಗಾಡಿಗಳೂ ಬರುತ್ತಿವೆ. ಅದರಲ್ಲಿ ಕೆಲವಕ್ಕೆ ಸ್ಲೈಡ್ ಔಟ್ ಇರುತ್ತದೆ. ಅಂದರೆ ಗಾಡಿ ನಿಂತ ಮೇಲೆ ಬಟನ್ ಒತ್ತಿದರೆ ಒಂದು ಪಕ್ಕದ ಗೋಡೆ, ಸೋಫಾ ಸಮೇತ, 2-3 ಅಡಿ ಹೊರಗೆ ಬಂದು ಜಾಗ ದೊಡ್ಡದಾಗುತ್ತದೆ. ಅಮೆರಿಕದ ಆರ್‌ವಿಗಳಲ್ಲಿ, ಅಂದರೆ ಅಲ್ಲಿನ ಕ್ಯಾರವಾನ್ ಥರದ ಗಾಡಿಗಳಲ್ಲಿ, ಇದು ಮಾಮೂಲಿ. ನಮ್ಮಲ್ಲಿ ಇನ್ನೂ ಕಡಿಮೆ, ಹಾಗಾಗಿ ಅದರ ರಬ್ಬರ್ ಬೀಡಿಂಗ್ ಹೇಗೆ ನೋಡಿಕೊಳ್ಳಬೇಕು ಅಂತ ಹೇಳಿಕೊಡುವವರೂ ಕಡಿಮೆ.

ಈ ಗಾಡಿ ಬಂದಿದ್ದು ಹಸ್ತ ಮಳೆ ಹೊತ್ತಿಗೆ. ಡ್ರೈವರ್ ಮದ್ದೂರು ಕಡೆಯ ಹುಡುಗ. ಇಳಿದವನೇ, "ಅಣ್ಣಾ, ಮಳೆ ನಿಂತು ಮೂರು ದಿನ ಆಯ್ತು, ಒಳಗೆ ಮುಗ್ಗಲು ವಾಸನೆ ಹೋಗ್ತಾನೇ ಇಲ್ಲ ಕಣಣ್ಣಾ" ಅಂದ. ಹೊರಗೆ ಬಂದು ನೋಡಿದರೆ ಸ್ಲೈಡ್ ಸುತ್ತ ನಾಲ್ಕೂ ಕಡೆ ಬೆರಳು ದಪ್ಪ ಸಿಲಿಕೋನ್ ಸೀಲಂಟ್ ಬಳಿದಿದ್ದರು. ದಾರಿಯಲ್ಲಿ ಯಾರೋ ಮಾಡಿಕೊಟ್ಟಿದ್ದಂತೆ. ನೀರು ಮಾತ್ರ ನಿಂತಿರಲಿಲ್ಲ.

ಯಾಕೆ ನಿಲ್ಲಲಿಲ್ಲ ಅಂತ ತಿಳಿಯಬೇಕಾದರೆ ಒಳಗಿನ ವ್ಯವಸ್ಥೆ ಗೊತ್ತಿರಬೇಕು.

(ಮೇಜಿನ ಮೇಲೆ ಬೆಂಕಿಪೊಟ್ಟಣ.)

ಬೆಂಕಿಪೊಟ್ಟಣ ತಗೊಳ್ಳಿ. ಹೊರಗಿನ ಕವರ್ ನಿಮ್ಮ ಗಾಡಿ. ಒಳಗಿನ ಡಬ್ಬಿ ಸ್ಲೈಡ್. ಡಬ್ಬಿ ಎಳೆದಾಗ ಸುತ್ತ ಒಂದು ಸಂದು ಉಳಿಯುತ್ತದೆ ಅಲ್ವಾ? ಸಂದು ಇರಲೇಬೇಕು, ಇಲ್ಲದಿದ್ದರೆ ಡಬ್ಬಿ ಜಾರುವುದಿಲ್ಲ. ಆ ಸಂದನ್ನು ಮುಚ್ಚುವುದೇ ಬೀಡಿಂಗ್ ಕೆಲಸ, ಅದೂ ಡಬ್ಬಿ ಓಡಾಡುತ್ತಿರುವಾಗಲೇ.

ಅದಕ್ಕೆ ಎರಡು ಥರದ ಬೀಡಿಂಗ್ ಇರುತ್ತವೆ. ಒಂದು ಬಲ್ಬ್ ಬೀಡಿಂಗ್. ಟೊಳ್ಳು ಕೊಳವೆ, ಕಾರಿನ ಡೋರ್ ಸುತ್ತ ಇರುತ್ತಲ್ಲ, ಅದೇ ಜಾತಿ. ಹೊರಗಡೆ ಒಂದು ಸಾಲು, ಒಳಗಡೆ ಒಂದು ಸಾಲು. ಸ್ಲೈಡ್ ಪೂರ್ತಿ ಒಳಗೆ ಹೋದಾಗ ಹೊರಗಿನ ಸಾಲು ಅಮುಕಿಕೊಳ್ಳುತ್ತದೆ, ಪೂರ್ತಿ ಹೊರಗೆ ಬಂದಾಗ ಒಳಗಿನ ಸಾಲು. ಇನ್ನೊಂದು ವೈಪರ್ ಬೀಡಿಂಗ್. ಇದು ಚಪ್ಪಟೆ ನಾಲಿಗೆ. ಸ್ಲೈಡ್ ಓಡಾಡುವಾಗ ಅದರ ಮೈ ಒರೆಸುತ್ತಾ ಇರುತ್ತದೆ. ಸ್ಲೈಡ್ ಹೊರಗೆ ಬಂದು ನಿಂತಾಗ ಈ ನಾಲಿಗೆಯ ತುದಿ ಹೊರಮುಖವಾಗಿರಬೇಕು. ಹಾಗಿದ್ದರೆ ಮಳೆ ನೀರು ಹೊರಗೇ ಜಾರಿ ಹೋಗುತ್ತದೆ. ತುದಿ ಒಳಮುಖವಾಗಿ ಮಡಚಿಕೊಂಡಿದ್ದರೆ ಅದೇ ನಾಲಿಗೆ ದೋಣಿ ಥರ ನೀರು ಹಿಡಿದು ಒಳಗೆ ಸುರಿಯುತ್ತದೆ.

(ಏಣಿ ಮೇಲೆ. ಕ್ಯಾಮೆರಾ ಮೇಲಿನ ಬಲ ಮೂಲೆಗೆ ಹತ್ತಿರ.)

ಈ ಗಾಡಿಯಲ್ಲಿ ಆಗಿದ್ದು ಅದೇ. ಸಿಲಿಕೋನ್ ಕಿತ್ತ ಮೇಲೆ ಕಾಣಿಸಿತು. ಇಲ್ಲಿ, ಮೇಲಿನ ವೈಪರ್ ಮತ್ತು ಪಕ್ಕದ ವೈಪರ್ ಸೇರುವ ಜಾಗದಲ್ಲಿ, ಒಂದು ಹೊಂಗೆ ಕಡ್ಡಿ. ಬೆಂಕಿಕಡ್ಡಿಗಿಂತ ಸ್ವಲ್ಪ ಉದ್ದ ಅಷ್ಟೇ. ಅದು ಸಿಕ್ಕಿಹಾಕಿಕೊಂಡು ನಾಲಿಗೆ ಒಳಕ್ಕೆ ಮಡಚಿದೆ. ನೀರು ಮೇಲಿಂದ ನುಗ್ಗಿ, ಸ್ಲೈಡ್ ಪಕ್ಕದಲ್ಲೇ ಇಳಿದು, ಕೆಳಗಿನ ಪ್ಲೈವುಡ್ ಅಂಚಿಗೆ ಸೇರಿದೆ. ಒದ್ದೆ ಕಂಡಿದ್ದು ನೆಲದಲ್ಲಿ, ತೂತು ಇದ್ದಿದ್ದು ಆರಡಿ ಮೇಲೆ. ನೀರು ಕಾಣುವ ಜಾಗವೇ ಬೇರೆ, ನುಗ್ಗುವ ಜಾಗವೇ ಬೇರೆ. ಒದ್ದೆ ಕಂಡ ಕಡೆಯೆಲ್ಲ ಬಳಿಯುತ್ತಾ ಹೋದರೆ ತಿಂಗಳುಗಟ್ಟಲೆ ಬಳಿಯುತ್ತಲೇ ಇರಬೇಕಾಗುತ್ತದೆ.

ಸಿಲಿಕೋನ್ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಾತ್‌ರೂಮ್ ಸಿಂಕ್‌ಗೆ ಅದು ಒಳ್ಳೆಯದು. ಓಡಾಡುವ ರಬ್ಬರ್‌ಗೆ ಬೇಡವೇ ಬೇಡ. ಸೀಲಂಟ್ ಒಣಗಿದ ಮೇಲೆ ಸ್ಲೈಡ್‌ಗೂ ಬೀಡಿಂಗ್‌ಗೂ ಒಟ್ಟಿಗೆ ಅಂಟಿಕೊಳ್ಳುತ್ತದೆ. ಬಟನ್ ಒತ್ತಿದಾಗ ಮೋಟಾರ್ ಎಳೆಯುತ್ತದೆ, ಬೀಡಿಂಗ್ ಹರಿಯುತ್ತದೆ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಸಿಲಿಕೋನ್ ಬಳಿದ ಜಾಗದ ಮೇಲೆ ಮತ್ತೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಮರದ ಐಸ್‌ಕ್ರೀಂ ಕಡ್ಡಿ, ಪ್ಲಾಸ್ಟಿಕ್ ಸ್ಕ್ರೇಪರ್ ಹಿಡಿದು ಇದನ್ನು ಕೀಳುವುದಕ್ಕೇ ನಮಗೆ ಒಂದೂವರೆ ದಿನ ಹಿಡಿಯಿತು. ಬ್ಲೇಡ್ ಹಾಕಿದರೆ ಪೇಂಟ್ ಹೋಗುತ್ತದೆ, ಥಿನ್ನರ್ ಹಾಕಿದರೆ ರಬ್ಬರ್ ಹಾಳಾಗುತ್ತದೆ.

ಸರಿ, ನಿಮ್ಮ ಗಾಡಿಯಲ್ಲಿ ತೂತು ಎಲ್ಲಿದೆ ಅಂತ ಹುಡುಕುವುದು ಹೇಗೆ?

(10 ರೂಪಾಯಿ ನೋಟು ತೋರಿಸುತ್ತಾ.)

ಒಂದು 10 ರೂಪಾಯಿ ನೋಟು ಸಾಕು. ಸ್ಲೈಡ್ ಹೊರಗಿರುವಾಗ ಹೊರಗಿನ ಬಲ್ಬ್ ಬೀಡಿಂಗ್ ಮೇಲೆ ನೋಟಿನ ಅರ್ಧ ಭಾಗ ಬರುವ ಹಾಗೆ ಟೇಪ್ ಹಚ್ಚಿ. ಕೈ ತೆಗೆದು ದೂರ ನಿಲ್ಲಿ, ಮಕ್ಕಳನ್ನೂ ದೂರ ನಿಲ್ಲಿಸಿ, ಆಮೇಲೆ ಸ್ಲೈಡ್ ಒಳಗೆ ತಗೊಳ್ಳಿ. ಈಗ ನೋಟು ಎಳೆಯಿರಿ. ಬಿಗಿಯಾಗಿ, ತಡೆದು ತಡೆದು ಬಂದರೆ ಬೀಡಿಂಗ್ ಸರಿಯಾಗಿ ಅಮುಕಿದೆ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬಂದರೆ ಅಲ್ಲಿ ಹಿಡಿತವಿಲ್ಲ. ಒಂದೊಂದು ಅಡಿಗೆ ಒಂದು ಸಲ ಹೀಗೆ ನೋಡುತ್ತಾ ಹೋಗಿ, ಸಡಿಲ ಇರುವ ಕಡೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ. ಒಳಗಿನ ಸಾಲಿಗೂ ಹೀಗೆಯೇ, ಸ್ಲೈಡ್ ಹೊರಗೆ ಬಿಟ್ಟು ನೋಡಬೇಕು.

ಒಂದು ಪಕ್ಕ ಪೂರ್ತಿ ಸಡಿಲ, ಎದುರು ಪಕ್ಕ ಪೂರ್ತಿ ಬಿಗಿ ಅಂತ ಕಂಡರೆ ಅದು ಬೀಡಿಂಗ್ ತಪ್ಪಲ್ಲ. ಸ್ಲೈಡ್ ಓರೆಯಾಗಿ ಕೂತಿದೆ. ರೈಲು, ಗೇರ್ ಸೆಟ್ಟಿಂಗ್ ಸರಿಮಾಡಿಸಬೇಕು. ಅದು ಗೊತ್ತಿದ್ದವರ ಕೈಲೇ ಮಾಡಿಸಿ. ಹೊಸ ಬೀಡಿಂಗ್ ಹಾಕಿಸಿ ದುಡ್ಡು ಕಳೆಯಬೇಡಿ.

ಆಮೇಲೆ ನೀರಿನ ಪರೀಕ್ಷೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಲಿ. ಹೊರಗಿನವರು ಗಿಡಕ್ಕೆ ನೀರು ಬಿಡುವ ಪೈಪ್ ಹಿಡಿದು ಕೆಳಗಿನ ಅಂಚಿನಿಂದ ಶುರು ಮಾಡಬೇಕು. ಐದು ನಿಮಿಷ ಕೆಳಗೆ, ಒಳಗೆ ಒಣಗಿದ್ದರೆ ಸ್ವಲ್ಪ ಮೇಲೆ, ಮತ್ತೆ ಐದು ನಿಮಿಷ. ಮೇಲಿಂದ ಶುರು ಮಾಡಿದರೆ ಎಲ್ಲಾ ಕಡೆ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಸರ್ವಿಸ್ ಸ್ಟೇಷನ್‌ನ ಪ್ರೆಶರ್ ವಾಷರ್ ಮಾತ್ರ ಬೇಡ. ಆ ರಭಸಕ್ಕೆ ಹೊಸ ವೈಪರ್ ಕೂಡ ಮಡಚಿಕೊಂಡು ನೀರು ಬಿಡುತ್ತದೆ.

(ಬಕೆಟ್, ಬಟ್ಟೆ, ಹಳೇ ಟೂತ್‌ಬ್ರಷ್.)

ಈಗ ನೋಡಿಕೊಳ್ಳುವ ವಿಷಯ. ಒಳ್ಳೆಯ ಬೀಡಿಂಗ್ ಇಪಿಡಿಎಂ ರಬ್ಬರ್‌ನಿಂದ ಮಾಡಿರುತ್ತಾರೆ. ಎಥಿಲೀನ್ ಪ್ರೊಪಿಲೀನ್ ಡೈಈನ್ ಮಾನೊಮರ್ ಅಂತ ಪೂರ್ತಿ ಹೆಸರು. ಮಾಮೂಲಿ ನೈಸರ್ಗಿಕ ರಬ್ಬರ್ ಬಿಸಿಲಿಗೂ ಗಾಳಿಯಲ್ಲಿರುವ ಓಜೋನ್‌ಗೂ ಬಿರುಕು ಬಿಡುತ್ತದೆ, ಇಪಿಡಿಎಂ ಇದನ್ನೆಲ್ಲ ಚೆನ್ನಾಗಿ ತಡೆಯುತ್ತದೆ. ಆದರೆ ಪೆಟ್ರೋಲಿಯಂ ಎಣ್ಣೆ ಅದಕ್ಕೆ ಆಗುವುದೇ ಇಲ್ಲ. ಹೀರಿಕೊಂಡು ಉಬ್ಬುತ್ತದೆ.

ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಗಾಡಿಯ ಸ್ಲೈಡ್ ಕಿರ್ ಕಿರ್ ಅಂತಿತ್ತು. ವೈಪರ್‌ಗೆ ಉದ್ದಕ್ಕೂ ಗ್ರೀಸ್ ಹಚ್ಚಿ ಕಳಿಸಿದೆ. ಶಬ್ದ ಹೋಯಿತು. ಕೆಲವು ವಾರ ಬಿಟ್ಟು ಗಾಡಿ ವಾಪಸ್ ಬಂದಾಗ ಬೀಡಿಂಗ್ ಅಂಚು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಡೊಂಕು ಡೊಂಕಾಗಿತ್ತು, ಮೇಲೆ ಮಣ್ಣು ಮೆತ್ತಿಕೊಂಡಿತ್ತು. ಪೂರ್ತಿ ಸಾಲು ನನ್ನ ಖರ್ಚಲ್ಲೇ ಬದಲಾಯಿಸಿಕೊಟ್ಟೆ. ಅವತ್ತಿಂದ ನಮ್ಮ ಶೆಡ್‌ನಲ್ಲಿ ಗ್ರೀಸ್, ಡೀಸೆಲ್, ಸೀಮೆಎಣ್ಣೆ, ವ್ಯಾಸಲೀನ್ ಯಾವುದನ್ನೂ ಬೀಡಿಂಗ್ ಹತ್ತಿರ ತರುವುದಿಲ್ಲ. ಕೊಬ್ಬರಿ ಎಣ್ಣೆಯೂ ಬೇಡ, ಧೂಳು ಹಿಡಿಯುತ್ತದೆ.

ಅರ್ಧ ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಮೆತ್ತನೆ ಬಟ್ಟೆಯಲ್ಲಿ ಬೀಡಿಂಗ್ ಒರೆಸಿ, ಬುಡದ ಸಂದಿಗೆ ಟೂತ್‌ಬ್ರಷ್ ಹಾಕಿ. ನಾಲಿಗೆಯನ್ನು ಬೆರಳಲ್ಲಿ ಮಗುಚಿ ಹಿಂಭಾಗವನ್ನೂ ಒರೆಸಿ, ಧೂಳು ಕೂರುವುದೇ ಅಲ್ಲಿ. ಮಂಡ್ಯ, ಪಾಂಡವಪುರ ಕಡೆ ಓಡಾಡುವ ಗಾಡಿಗಳಲ್ಲಿ ಕಬ್ಬಿನ ತರಗು ಸುಟ್ಟ ಮಸಿ, ಆಲೆಮನೆ ಬೂದಿ, ರಸ್ತೆ ಮಣ್ಣು ಎಲ್ಲಾ ಸೇರಿ ಕಪ್ಪು ಪೇಸ್ಟ್ ಥರ ಬರುತ್ತದೆ. ಅದು ಹಾಗೇ ಇದ್ದರೆ ಸ್ಲೈಡ್ ಓಡಾಡಿದಾಗೆಲ್ಲ ಉಪ್ಪುಕಾಗದ ತಿಕ್ಕಿದ ಹಾಗೆ ಆಗುತ್ತದೆ, ಬೀಡಿಂಗ್‌ಗೂ ಕೇಡು, ಪೇಂಟ್‌ಗೂ ಕೇಡು.

ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ. ಗೊಂದಲ ಬೇಡ, ಈಗ ತಾನೇ ಬೈದಿದ್ದು ಟ್ಯೂಬ್‌ನಲ್ಲಿ ಬರುವ ಸಿಲಿಕೋನ್ ಸೀಲಂಟ್‌ಗೆ, ಅದು ಅಂಟು. ಇದು ಜಾರಿಸುವ ಸ್ಪ್ರೇ, ರಬ್ಬರ್‌ಗೆಂದೇ ಬರುತ್ತದೆ. ಡಬ್ಬದ ಮೇಲೆ ಪೆಟ್ರೋಲಿಯಂ ಅಂಶ ಇಲ್ಲ ಅಂತ ಓದಿ ತಗೊಳ್ಳಿ. ನೇರ ಬೀಡಿಂಗ್ ಮೇಲೆ ಹೊಡೆಯಬೇಡಿ. ಬಟ್ಟೆಗೆ ಹೊಡೆದು ತೆಳ್ಳಗೆ ಒರೆಸಿ, ಹತ್ತು ನಿಮಿಷ ಬಿಟ್ಟು ಜಾಸ್ತಿ ಆಗಿದ್ದನ್ನು ಒಣ ಬಟ್ಟೆಯಲ್ಲಿ ತೆಗೆಯಿರಿ. ಮೂರು ತಿಂಗಳಿಗೊಮ್ಮೆ ಸಾಕು. ನಮ್ಮ ಮೈಸೂರು ಕಡೆ ಲೆಕ್ಕದಲ್ಲಿ ಒಂದು ಸಲವಂತೂ ಮಾರ್ಚ್‌ನಲ್ಲೇ ಮಾಡಿ ಮುಗಿಸಿ. ಅಶ್ವಿನಿ, ಭರಣಿ ಮಳೆ ಗಾಳಿ ಸಮೇತ ಓರೆಯಾಗಿ ಹೊಡೆಯುತ್ತದೆ, ಆಗ ಕೆಲಸ ಶುರು ಮಾಡಿದರೆ ತಡವಾಗಿರುತ್ತದೆ.

ಬದಲಾಯಿಸಲೇಬೇಕಾ ಅಂತ ಕೇಳುತ್ತೀರಿ. ಬಲ್ಬ್ ಬೀಡಿಂಗ್ ಬೆರಳಲ್ಲಿ ಒತ್ತಿ ಬಿಡಿ. ಮತ್ತೆ ಉಬ್ಬಿದರೆ ಜೀವ ಇದೆ. ಚಪ್ಪಟೆಯಾಗೇ ಉಳಿದರೆ, ಮಡಚಿದ ಕಡೆ ಬಿರುಕು ಕಂಡರೆ, ಬದಲಾಯಿಸಿ. ಅಂಗಡಿಗೆ ಹೋಗುವಾಗ ಹಳೇ ಬೀಡಿಂಗ್‌ನಿಂದ ಎರಡಿಂಚು ತುಂಡು ಕತ್ತರಿಸಿಕೊಂಡು ಹೋಗಿ. ಫೋಟೋ ತೋರಿಸಿದರೆ ಆಗುವುದಿಲ್ಲ. ಬಲ್ಬ್ ಎತ್ತರ, ಬುಡದ ಅಗಲ, ನಾಲಿಗೆ ಉದ್ದ ಮೂರೂ ತಾಳೆಯಾಗಬೇಕು. ಅಗ್ಗದ ಪಿವಿಸಿ ಬೀಡಿಂಗ್ ನೋಡಲು ಹಾಗೇ ಇರುತ್ತದೆ, ಬಿಸಿಲಿಗೆ ಕಡ್ಡಿಯಾಗುತ್ತದೆ, ಬೇಡ.

(ಹೊಸ ಬೀಡಿಂಗ್ ಕೂರಿಸುತ್ತಿರುವ ಕೈಗಳು.)

ಹಾಕುವಾಗ ಎಲ್ಲರೂ ಮಾಡುವ ತಪ್ಪು ಎಂದರೆ ಎಳೆದು ಹಾಕುವುದು. ಎಳೆದರೆ ಅವತ್ತು ನೀಟಾಗಿ ಕಾಣುತ್ತದೆ. ಆಮೇಲೆ ರಬ್ಬರ್ ತನ್ನ ಅಳತೆಗೆ ಕುಗ್ಗಿ ಮೂಲೆಯಲ್ಲಿ ಸಂದು ಬಿಡುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗೇ ಕತ್ತರಿಸಿ, ನೂಕಿ ನೂಕಿ ಕೂರಿಸಿ. ಬಲ್ಬ್ ಬೀಡಿಂಗ್‌ನ ಎರಡು ತುದಿ ಸೇರುವ ಜಾಗ ಕೆಳಗಡೆ ಬರಲಿ, ಮೇಲೆ ಬೇಡ. ಆ ತುದಿಗಳನ್ನು ಜೋಡಿಸಲು ಸೂಪರ್ ಗ್ಲೂ ಒಂದು ತೊಟ್ಟು ಸಾಕು. ವೈಪರ್ ಮೂಲೆಯಲ್ಲಿ ಹೆಂಚು ಹೊದಿಸಿದ ಲೆಕ್ಕ: ಮೇಲಿನ ನಾಲಿಗೆ ಪಕ್ಕದ ನಾಲಿಗೆಯ ಮೇಲೆ ಬರಬೇಕು, ಕೆಳಗೆ ಹೋಗಬಾರದು. ಅಂಟಿಸುವ ಜಾತಿಯ ಬೀಡಿಂಗ್ ಆದರೆ ಮೊದಲು ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸಿ. ಒಂದು ದಿನ ಪೂರ್ತಿ ಬಿಡಿ, ಸ್ಲೈಡ್ ಬಟನ್ ಮುಟ್ಟಬೇಡಿ.

ಇನ್ನು ಡ್ರೈವರ್‌ಗಳಿಗೆ ಒಂದು ಮಾತು. ಸ್ಲೈಡ್ ಒಳಗೆ ತಗೊಳ್ಳುವ ಮುಂಚೆ ಏಣಿ ಹಾಕಿ ಅದರ ಮೇಲ್ಭಾಗ ಗುಡಿಸಿ, ನೀರು ನಿಂತಿದ್ದರೆ ಒರೆಸಿ. ಹೊಂಗೆ ಮರದ ಕೆಳಗೆ ನೆರಳು ಅಂತ ನಿಲ್ಲಿಸುತ್ತೀರಿ, ತಪ್ಪಲ್ಲ, ಆದರೆ ಎಲೆ, ಹೂವು, ಕಡ್ಡಿ ಎಲ್ಲಾ ಆ ತಾರಸಿ ಮೇಲೆ ಬಿದ್ದಿರುತ್ತದೆ. ಎರಡು ನಿಮಿಷದ ಕೆಲಸ. ಗಾಡಿ ಮಟ್ಟವಾಗಿ ನಿಲ್ಲಿಸದೆ ಸ್ಲೈಡ್ ಬಿಡಲೂ ಬೇಡಿ.

ಈ ಗಾಡಿಗೆ ನಾವು ನೆಲದ ಪ್ಲೈವುಡ್ ಎರಡು ಅಡಿ ಕತ್ತರಿಸಿ ಹೊಸದು ಹಾಕಿದೆವು. ಮೇಲಿನ ಬಲ ಮೂಲೆಯ ವೈಪರ್ ಮಾತ್ರ ಬದಲಾಯಿಸಿದೆವು, ಉಳಿದ ಬೀಡಿಂಗ್ ಎಲ್ಲಾ ಹಳೆಯದೇ, ತೊಳೆದು ಸ್ಪ್ರೇ ಒರೆಸಿದ್ದು. ನಾಲ್ಕೂ ಮೂಲೆಗೆ ನ್ಯೂಸ್‌ಪೇಪರ್ ಹಾಸಿ, ಮಳೆ ಬಂದ ಮಾರನೇ ದಿನ ಫೋಟೋ ಕಳಿಸು ಅಂತ ಹುಡುಗನಿಗೆ ಹೇಳಿ ಕಳಿಸಿದೆ.

(ಸ್ಕ್ರೀನ್ ಮೇಲೆ ಫೋನ್ ಫೋಟೋ.)

ಚಿತ್ತಾ ಮಳೆ ರಾತ್ರಿಯೆಲ್ಲಾ ಹೊಡೆದ ಮೇಲೆ ಬೆಳಿಗ್ಗೆ ಆರೂವರೆಗೆ ಬಂದ ಫೋಟೋ ಇದು. ಪೇಪರ್ ನೋಡಿ. ಗರಿಗರಿಯಾಗಿದೆ.