ಎಷ್ಟು ಓಡಿದೆ?

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಮೈಲೇಜ್ ಅಂದ ಕೂಡಲೇ ಲೀಟರಿಗೆ ಎಷ್ಟು ಕೊಡುತ್ತೆ ಅನ್ನೋ ಮಾತು ಬರುತ್ತದೆ. ಇವತ್ತಿನ ಮಾತು ಅದಲ್ಲ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಬಾನೆಟ್ ಎತ್ತುವ ಮೊದಲೇ ಕೇಳುತ್ತಾರಲ್ಲ, "ಎಷ್ಟು ಓಡಿದೆ?" ಅಂತ, ಆ ಪ್ರಶ್ನೆಯ ಬಗ್ಗೆ.

ಒಂದು ತಮಾಷೆ ನೋಡಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತದೆ, ಅಂದರೆ ಕಂಪನಿ ನಿಮ್ಮ ಕಾರಿಗೆ ಕಟ್ಟಿದ ಬೆಲೆ. ಕಾರು ಕಳುವಾದರೆ ಪರಿಹಾರಕ್ಕೆ ಅದೇ ಲೆಕ್ಕ. ಅದು ಇಳಿಯುವುದು ವಯಸ್ಸು ನೋಡಿ. ಒಂದು ವರ್ಷ ದಾಟಿದರೆ ಹೊಸ ಕಾರಿನ ಬೆಲೆಯಲ್ಲಿ ಶೇ 20 ಕಡಿತ, ಎರಡು ದಾಟಿದರೆ ಶೇ 30, ನಾಲ್ಕು ದಾಟಿದರೆ ಶೇ 50. ಕಾರು ಶೆಡ್ಡಿನಲ್ಲೇ ನಿಂತಿರಲಿ, ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಬರಲಿ, ಈ ಕಡಿತ ಒಂದೇ.

ಕೊಳ್ಳುವವರು ಹಾಗಲ್ಲ. ವರ್ಷಕ್ಕೆ ಹತ್ತು, ಹನ್ನೆರಡು ಸಾವಿರ ಕಿಲೋಮೀಟರ್ ಅಂತ ಮನಸ್ಸಲ್ಲೇ ಒಂದು ಅಂದಾಜು ಇಟ್ಟುಕೊಂಡು ಬರುತ್ತಾರೆ. ಐದು ವರ್ಷದ ಗಾಡಿ 55 ಸಾವಿರ ಓಡಿದ್ದರೆ ಸರಿ. 95 ಸಾವಿರ ಅಂದರೆ ಚೌಕಾಸಿ ಶುರು. ಲಕ್ಷ ದಾಟಿದರೆ ಕೆಲವರು ನೋಡೋಕೂ ಬರಲ್ಲ.

ಲಕ್ಷದ ಭಯಕ್ಕೆ ಸ್ವಲ್ಪ ಕಾರಣ ಇದೆ. ಆ ಹೊತ್ತಿಗೆ ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಷ್, ಟೈರು, ಕೆಲವು ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್, ಎಲ್ಲ ಸೇರಿ ಖರ್ಚಿಗೆ ಕೂರುತ್ತವೆ. ಆದರೆ ಅದನ್ನೆಲ್ಲ ಮಾಡಿಸಿ ಬಿಲ್ ಇಟ್ಟಿರುವ 1,05,000ದ ಗಾಡಿ, ಏನೂ ಮಾಡಿಸದ 90 ಸಾವಿರದ ಗಾಡಿಗಿಂತ ವಾಸಿ. ಉಳಿದದ್ದು ಸುಮ್ನೆ ಅಂಕಿಯ ಭಯ. ಎಷ್ಟೋ ಹಳೇ ಕಾರುಗಳ ಮೀಟರಿನಲ್ಲಿ ಐದೇ ಅಂಕಿ ಇದ್ದವು. 99,999 ಆದಮೇಲೆ ಮತ್ತೆ ಸೊನ್ನೆ. ಲಕ್ಷ ದಾಟಿದ್ದು ಮೀಟರಿಗೇ ನೆನಪಿರುತ್ತಿರಲಿಲ್ಲ!

ಈಗ ಒಂದು ಲೆಕ್ಕ ಹಾಕೋಣ. ಬೆಂಗಳೂರು ಟ್ರಾಫಿಕ್ಕಿನಲ್ಲಿ ಗಂಟೆಗೆ ಸರಾಸರಿ 20 ಕಿಲೋಮೀಟರ್ ಅಂತಿಟ್ಟುಕೊಳ್ಳಿ. 50 ಸಾವಿರ ಓಡಲು ಎಂಜಿನ್ 2,500 ಗಂಟೆ ದುಡಿದಿರುತ್ತದೆ. ಹೈವೇಯಲ್ಲಿ ಸರಾಸರಿ 60ರಂತೆ ಒಂದು ಲಕ್ಷ ಓಡಿದ ಗಾಡಿ ದುಡಿದದ್ದು ಸುಮಾರು 1,670 ಗಂಟೆ. ಯಾವುದು ಜಾಸ್ತಿ ಸವೆದಿರುತ್ತದೆ, ನೀವೇ ಹೇಳಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಓಡುತ್ತದೆ, ಕ್ಲಚ್ಚು ನರಳುತ್ತದೆ, ಮೀಟರ್ ಮಾತ್ರ ಕದಲುವುದಿಲ್ಲ.

ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಡೀಸೆಲ್ ಗಾಡಿ ಆದರಂತೂ ಕಡಿಮೆ ಓಡಿದೆ ಅಂತ ಖುಷಿಪಡುವ ಮೊದಲು ಎಲ್ಲಿ ಓಡಿದೆ ಅಂತ ಕೇಳಿ. ಅದರ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಗಾಡಿ ಒಂದಷ್ಟು ದೂರ ಒಂದೇ ವೇಗದಲ್ಲಿ ಓಡಿ ಬಿಸಿಯಾದರೆ ಮಸಿ ಸುಟ್ಟು ಹೋಗುತ್ತದೆ. ದಿನಾ ಸ್ಕೂಲು, ತರಕಾರಿ ಅಂತ ಎರಡೆರಡು ಕಿಲೋಮೀಟರ್ ಓಡಿಸಿದರೆ ಕಟ್ಟಿಕೊಳ್ಳುತ್ತದೆ. ಬದಲಾಯಿಸುವ ಖರ್ಚು ಸಣ್ಣದಲ್ಲ.

ಇನ್ನು ಮೀಟರ್ ತಿರುಗಿಸುವ, ಅಂದರೆ ಓಡಿದ್ದನ್ನು ಕಡಿಮೆ ಮಾಡಿ ತೋರಿಸುವ ವಿಷಯ. ನಾನೂ ಒಮ್ಮೆ ಟೋಪಿ ಹಾಕಿಸಿಕೊಂಡವನೇ. 46 ಸಾವಿರ ಅಂತ ನಂಬಿ ಒಂದು ಕಾರು ತಗೊಂಡೆ. ತಿಂಗಳಾದಮೇಲೆ ಮನೆ ಹತ್ತಿರದ ಮೆಕ್ಯಾನಿಕ್ ಬಾನೆಟ್ ಎತ್ತಿ, "ಸಾರ್, ಇಲ್ಲಿ ನೋಡಿ" ಅಂದ. ಮೂಲೆಯಲ್ಲಿ ಅರ್ಧ ಹರಿದ ಆಯಿಲ್ ಚೇಂಜ್ ಸ್ಟಿಕ್ಕರ್. ಮುಂದಿನ ಸರ್ವಿಸ್ 90,000ಕ್ಕೆ ಅಂತ ಬರೆದಿತ್ತು! ಮಾರಿದವರು ಸ್ಟಿಕ್ಕರ್ ಮರೆತಿದ್ದರು, ನಾನು ನೋಡುವುದನ್ನೇ ಮರೆತಿದ್ದೆ.

ಆಮೇಲಿಂದ ನಾನು ಮೀಟರ್ ಕೊನೆಗೆ ನೋಡುತ್ತೇನೆ. ಮೊದಲು ಬ್ರೇಕ್ ಪೆಡಲ್ ರಬ್ಬರ್, ಸವೆತದಿಂದ ಬಂದ ಸ್ಟೀರಿಂಗ್ ಹೊಳಪು, ಡ್ರೈವರ್ ಸೀಟಿನ ಅಂಚು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. 2018ರ ಗಾಡಿ, 15 ಸಾವಿರ ಓಡಿದೆ ಅಂತಾರೆ, ನಾಲ್ಕೂ ಟೈರು 2023ರವು. ಹದಿನೈದು ಸಾವಿರಕ್ಕೆ ಟೈರು ಯಾಕೆ ಸವೆಯಿತು? ನಿಂತೇ ಒಣಗಿ ಬಿರುಕು ಬಿಟ್ಟಿರಬಹುದು, ಮೀಟರ್ ಸುಳ್ಳಿರಬಹುದು. ಎರಡಕ್ಕೂ ಬೆಲೆ ಇಳಿಸಿ ಕೇಳಬೇಕು. ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿರುತ್ತದೆ, ತೋರಿಸಿ ಅನ್ನಿ.

ಇದೆಲ್ಲ ಕೊಳ್ಳುವವರಿಗೆ. ಮಾರುವವರಿಗೆ ಒಂದೇ ಮಾತು. ಲಕ್ಷದ ಭಯ ಬಹುಪಾಲು ಸುಮ್ನೆ ಅಂತ ನಾನಂದೆ, ಆದರೆ ಬೆಲೆ ಕಟ್ಟುವವರು ನಾನಲ್ಲವಲ್ಲ. ನಿಮ್ಮ ಮೀಟರ್ ಈಗ 99,500 ತೋರಿಸುತ್ತಿದ್ದರೆ, ಧರ್ಮಸ್ಥಳಕ್ಕೆ ಈ ಸಲ ಬಸ್ಸಲ್ಲಿ ಹೋಗಿ ಬನ್ನಿ.