ಜಾಗ್ವಾರ್ ಇ-ಟೈಪ್: ಹಳೆಯ ಸ್ಪೋರ್ಟ್ಸ್ ಕಾರಿನ ಬೆಲೆಯ ಲೆಕ್ಕಾಚಾರ

ಶ್ರೋತೃಗಳಿಗೆ ನಮಸ್ಕಾರ.

1961ರ ಮಾರ್ಚ್ ತಿಂಗಳಲ್ಲಿ, ಜಿನೀವಾದ ಮೋಟಾರು ಪ್ರದರ್ಶನದಲ್ಲಿ, ಇಂಗ್ಲೆಂಡಿನ ಜಾಗ್ವಾರ್ ಕಂಪನಿಯು ಇ-ಟೈಪ್ ಎಂಬ ಕಾರನ್ನು ಜನರ ಮುಂದಿಟ್ಟಿತು. ನೀಳವಾದ ಮೂತಿ, ನೆಲಕ್ಕೆ ತಗ್ಗಿದ ಮೈ, ಗಂಟೆಗೆ 150 ಮೈಲಿ ವೇಗದ ಭರವಸೆ. ಇಷ್ಟೆಲ್ಲ ಇದ್ದೂ ಅದರ ಬೆಲೆ ಇಂಗ್ಲೆಂಡಿನಲ್ಲಿ ತೆರಿಗೆಯೂ ಸೇರಿ ಸುಮಾರು 2,200 ಪೌಂಡುಗಳಷ್ಟೇ ಆಗಿತ್ತು. ಅದೇ ವೇಗದಲ್ಲಿ ಓಡುವ ಇಟಲಿಯ ಕಾರುಗಳಿಗೆ ಇದರ ಎರಡು ಪಟ್ಟಿಗೂ ಹೆಚ್ಚು ಹಣ ತೆರಬೇಕಾಗಿತ್ತು. 1974ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಇ-ಟೈಪ್‌ಗಳು ರಸ್ತೆಗಿಳಿದಿದ್ದವು. ಹೀಗೆ ಹೇರಳವಾಗಿ ತಯಾರಾದ ಈ ಕಾರಿನ ಒಂದು ಮಾದರಿ ಇಂದು ಮೂವತ್ತು ನಲವತ್ತು ಸಾವಿರ ಪೌಂಡಿಗೆ ಸಿಕ್ಕರೆ, ಮೇಲ್ನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲದ ಇನ್ನೊಂದಕ್ಕೆ ಲಕ್ಷ ಪೌಂಡು ದಾಟುತ್ತದೆ. ಆ ಅಂತರ ಎಲ್ಲಿಂದ ಬರುತ್ತದೆ ಎಂಬುದನ್ನು ಅರಿತರೆ ಹಳೆಯ ಸ್ಪೋರ್ಟ್ಸ್ ಕಾರುಗಳ ಇಡೀ ಮಾರುಕಟ್ಟೆಯೇ ಬಹುಮಟ್ಟಿಗೆ ಅರ್ಥವಾಗುತ್ತದೆ.

ಮೊದಲ ಸುಮಾರು ಐನೂರು ಕಾರುಗಳಲ್ಲಿ ಬಾನೆಟ್ಟಿನ ಬೀಗಗಳು ಹೊರಗಡೆ ಇದ್ದವು. ಅವನ್ನು ತೆರೆಯಲು ಪ್ರತ್ಯೇಕ ಕೀಲಿಯೊಂದು ಬೇಕಾಗುತ್ತಿತ್ತು. ಮೊದಲ ತಿಂಗಳುಗಳ ಕಾರುಗಳ ನೆಲದ ತಗಡು ಸಪಾಟಾಗಿದ್ದು, ಎತ್ತರದವರಿಗೆ ಕಾಲು ಚಾಚಲು ಜಾಗವೇ ಸಾಲುತ್ತಿರಲಿಲ್ಲ. 1964ರ ಕೊನೆಯಲ್ಲಿ ಬಂದ 4.2 ಲೀಟರ್ ಎಂಜಿನ್ನಿನ ಕಾರಿನಲ್ಲಿ ಗೇರುಗಳು ಸಲೀಸಾಗಿ ಬೀಳುತ್ತವೆ, ಸೀಟುಗಳು ಉತ್ತಮವಾಗಿವೆ, ಬ್ರೇಕುಗಳೂ ಸುಧಾರಿಸಿವೆ. ಓಡಿಸುವವನ ದೃಷ್ಟಿಯಿಂದ ನೋಡಿದರೆ ಎರಡನೆಯದೇ ಮೇಲಾದ ಕಾರು. ಆದರೆ ಮಾರುಕಟ್ಟೆ ಹೆಚ್ಚು ಹಣ ಕೊಡುವುದು ಆ ಇಕ್ಕಟ್ಟಿನ, ಹೊರಬೀಗದ ಕಾರಿಗೆ. ಮೊದಲು ಹುಟ್ಟಿದ್ದು, ಕೆಲವೇ ಉಳಿದಿರುವುದು, ವಿನ್ಯಾಸಕಾರನ ಮೂಲ ಕಲ್ಪನೆಗೆ ಹತ್ತಿರವಿರುವುದು ಎಂಬ ಮೂರು ಕಾರಣಗಳು ಅಲ್ಲಿ ಒಟ್ಟಿಗೆ ಸೇರುತ್ತವೆ. 1968ರ ನಂತರದ ಎರಡನೆಯ ಸರಣಿಗೆ ಅಮೆರಿಕದ ಸುರಕ್ಷತಾ ನಿಯಮಗಳ ಪ್ರಭಾವದಿಂದ ಮುಖದ ಸೊಬಗು ಕೊಂಚ ಕುಂದಿತು. ಬೆಲೆಯೂ ಅದನ್ನೇ ಅನುಸರಿಸಿತು.

ಬೆಲೆಯ ಮುಖ್ಯ ಆಧಾರ, ನನ್ನ ತಿಳಿವಳಿಕೆಯಲ್ಲಿ, ಕಾರಿನ ಹೊಳಪಲ್ಲ, ಅದರ ದಾಖಲೆ. ಚಾಸಿ (ಕಾರಿನ ಅಡಿಚೌಕಟ್ಟು), ಎಂಜಿನ್, ಗೇರ್‌ಬಾಕ್ಸ್ ಮತ್ತು ಬಾಡಿ ಇವುಗಳ ಮೇಲೆ ಒತ್ತಿರುವ ನಂಬರುಗಳು ಕಾರ್ಖಾನೆಯ ದಾಖಲೆಗೆ ಹೊಂದುತ್ತವೆಯೇ ಎಂಬುದೇ ಅನುಭವಿ ಖರೀದಿದಾರನ ಮೊದಲ ಪ್ರಶ್ನೆ. ಕಂಪನಿಯ ಹಳೆಯ ದಾಖಲೆಗಳನ್ನು ಕಾಯ್ದಿಟ್ಟಿರುವ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ನೀಡುವ ಪ್ರಮಾಣಪತ್ರದಲ್ಲಿ ಈ ನಂಬರುಗಳ ಜೊತೆಗೆ ಕಾರಿನ ಮೂಲ ಬಣ್ಣ, ಸೀಟಿನ ಚರ್ಮದ ಬಣ್ಣ, ತಯಾರಾದ ದಿನಾಂಕ, ಮೊದಲು ಯಾವ ಡೀಲರನಿಗೆ ಹೋಯಿತು ಎಂಬ ವಿವರಗಳೂ ಇರುತ್ತವೆ. ಮೂಲದಲ್ಲಿ ಬೂದು ಬಣ್ಣದ್ದಾಗಿದ್ದ ಕಾರಿಗೆ ಮಾಲೀಕನೊಬ್ಬ ಎಷ್ಟೇ ಅಂದವಾಗಿ ಕೆಂಪು ಪೇಂಟ್ ಹೊಡೆಸಿದ್ದರೂ, ಈ ಕಾಗದದ ಮುಂದೆ ಅದು ಬದಲಾದ ಕಾರೇ ಆಗುತ್ತದೆ.

ಕಾಗದ ಸರಿಯಿದ್ದರೂ ತಗಡನ್ನು ಪರೀಕ್ಷಿಸಲೇಬೇಕು. ಇ-ಟೈಪಿನ ನಡುಭಾಗಕ್ಕೆ ಪ್ರತ್ಯೇಕ ಚಾಸಿ ಇಲ್ಲ. ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ಗೂಡೇ ಅದರ ಬಲ. ಬಾಗಿಲುಗಳ ಕೆಳಗೆ ಹಾದುಹೋಗುವ ಪೆಟ್ಟಿಗೆಯಂಥ ಪಟ್ಟಿಗಳ ಒಳಭಾಗಕ್ಕೆ ಆ ಕಾಲದಲ್ಲಿ ತುಕ್ಕು ತಡೆಯುವ ಲೇಪನ ಸರಿಯಾಗಿ ಇರುತ್ತಿರಲಿಲ್ಲ. ಮಳೆಯ ನೀರು ಒಳಗೆ ಸೇರಿ, ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಂತೆ, ಹೊರಗೆ ಬಣ್ಣ ಮಿನುಗುತ್ತಿರುವಾಗಲೇ ಒಳಗಿನ ಉಕ್ಕು ಪುಡಿಯಾಗಿರುತ್ತದೆ. ಮುಂಭಾಗದ ಎರಡೂ ಮಡ್‌ಗಾರ್ಡುಗಳು ಮತ್ತು ಮೂತಿ ಸೇರಿ ಒಂದೇ ಬಾನೆಟ್ ಆಗಿ ಮೇಲೇಳುವುದರಿಂದ, ಬಾಗಿಲಿಗೂ ಬಾನೆಟ್ಟಿಗೂ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಸಮನಾಗಿದೆಯೇ ಎಂದು ನೋಡಿದರೆ ಸಾಕು, ಹಿಂದೆ ನಡೆದ ಅಪಘಾತವೋ ಅರೆಬರೆ ಟಿಂಕರಿಂಗ್ ಕೆಲಸವೋ ತನ್ನಷ್ಟಕ್ಕೆ ಬಯಲಾಗುತ್ತದೆ. ಒಳ್ಳೆಯ ಗ್ಯಾರೇಜಿನಲ್ಲಿ ಇಡೀ ಕಾರನ್ನು ಬಿಚ್ಚಿ ಕಟ್ಟಿಸುವ ಖರ್ಚು ಅನೇಕ ವೇಳೆ ಕಾರಿನ ಮಾರಾಟದ ಬೆಲೆಯನ್ನೇ ಮೀರುತ್ತದೆ. ಆದುದರಿಂದಲೇ, ಒಮ್ಮೆಯೂ ಬಿಚ್ಚದ, ಸೀಟಿನ ಚರ್ಮ ಬಿರುಕು ಬಿಟ್ಟಿರುವ, ಬಣ್ಣ ಮಾಸಿರುವ ಗಟ್ಟಿ ಕಾರಿಗೆ ಇಂದು ಅಷ್ಟೊಂದು ಗೌರವ.

ದಾಖಲೆ, ಚರಿತ್ರೆಗಳೇ ಬೆಲೆ ಕಟ್ಟುತ್ತವೆ ಎಂಬ ಮಾತಿನ ತುತ್ತತುದಿಯ ಉದಾಹರಣೆ 1963ರ ಹಗುರ ಮಾದರಿ. ರೇಸಿಗೆಂದು ಅಲ್ಯೂಮಿನಿಯಂ ಮೈಯ 18 ಕಾರುಗಳನ್ನು ಮಾಡಲು ಯೋಜಿಸಿದ ಜಾಗ್ವಾರ್ ಆಗ ತಯಾರಿಸಿದ್ದು 12 ಮಾತ್ರ. ಅವುಗಳಲ್ಲಿ ಒಂದು, ಆಸ್ಟ್ರೇಲಿಯಾದ ಚಾಲಕ ಬಾಬ್ ಜೇನ್ ಅವರಿಗೆ 1963ರ ಅಲ್ಲಿನ ಜಿಟಿ ಚಾಂಪಿಯನ್‌ಷಿಪ್ಪನ್ನು ಗೆದ್ದುಕೊಟ್ಟ ಕಾರು, 2017ರ ಜನವರಿಯಲ್ಲಿ ಅಮೆರಿಕದ ಸ್ಕಾಟ್ಸ್‌ಡೇಲ್ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಹೋಯಿತು. ಉಳಿದಿದ್ದ ಆರು ಚಾಸಿ ನಂಬರುಗಳಿಗೆ 2014ರಿಂದ ಕಂಪನಿಯೇ ಹೊಸ ಕಾರುಗಳನ್ನು ಕಟ್ಟಿತು. ಕಾರ್ಖಾನೆ ಅದೇ, ನಂಬರಿನ ಸಾಲೂ ಅದೇ. ಆದರೆ ಓಡಿ ಗೆದ್ದ ಚರಿತ್ರೆಯನ್ನು ಕಾರ್ಖಾನೆಯೂ ಕಟ್ಟಿಕೊಡಲಾರದು.

ಬೆಲೆ ಏರುತ್ತಲೇ ಇರುತ್ತದೆ ಎಂಬ ನಂಬಿಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. 1988ರಲ್ಲಿ ಇಟಲಿಯ ಫೆರಾರಿ ಕಾರು ಕಂಪನಿಯ ಸ್ಥಾಪಕ ಎಂಜೊ ಫೆರಾರಿ ತೀರಿಕೊಂಡ ಬಳಿಕ ಫೆರಾರಿಗಳ ಜೊತೆಗೆ ಇ-ಟೈಪಿನಂಥ ಕಾರುಗಳೂ ಸಟ್ಟಾ ವ್ಯಾಪಾರದ ಸರಕಾದವು. ತೊಂಬತ್ತರ ದಶಕದ ಆರಂಭದಲ್ಲಿ ಸಾಲ ಮಾಡಿ ಕೊಂಡವರು ಕುಸಿದ ಬೆಲೆಗೆ ಮಾರಿ ಕೈಸುಟ್ಟುಕೊಂಡರು. ಈಗಲೂ ಇ-ಟೈಪಿನ ಬೆಲೆ ಇಳಿಯುತ್ತಿದೆ, ಆದರೆ ಈ ಇಳಿತದ ಕಾರಣ ಬೇರೆ. ಬಾಲ್ಯದಲ್ಲಿ ಗೋಡೆಗೆ ಅಂಟಿಸಿಕೊಂಡ ಚಿತ್ರದ ಕಾರನ್ನು ಜನ ಐವತ್ತರ ಹರೆಯದಲ್ಲಿ, ಕೈಯಲ್ಲಿ ಕಾಸು ಬಂದಾಗ ಕೊಳ್ಳುತ್ತಾರೆ. 1961ರ ಹುಡುಗರಿಗೆ ಇಂದು ಎಪ್ಪತ್ತು ದಾಟಿದೆ. ಅವರು ಕೊಳ್ಳುವುದನ್ನು ಬಿಟ್ಟು ಮಾರತೊಡಗಿದ್ದಾರೆ. ಅವರ ನಂತರದವರ ಮನಸ್ಸು ಜಪಾನಿನ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನಂಥ ಕಾರುಗಳತ್ತ ಹೊರಳಿದೆ. ಅಮೆರಿಕದಲ್ಲಿ 25 ವರ್ಷ ತುಂಬಿದ ಕಾರುಗಳ ಆಮದಿಗೆ ನಿಯಮಗಳು ಸಡಿಲವಾಗುವುದೂ ಆ ಬೇಡಿಕೆಗೆ ಒತ್ತಾಸೆಯಾಗಿದೆ.

ಇಂಗ್ಲೆಂಡಿನಲ್ಲಿ ನೆಲೆಸಿ ಈ ಭಾಷಣ ಕೇಳುತ್ತಿರುವ ಕನ್ನಡಿಗರಲ್ಲಿ ಯಾರಿಗಾದರೂ ಇ-ಟೈಪಿನ ಆಸೆಯಿದ್ದರೆ, ಈ ಇಳಿತ ಅವರಿಗೆ ಒಳ್ಳೆಯ ಸುದ್ದಿ. ಅಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯ ವಿನಾಯಿತಿ ಇದೆ, ಬಿಡಿಭಾಗಗಳು ಧಾರಾಳವಾಗಿ ದೊರೆಯುತ್ತವೆ. 1966ರಲ್ಲಿ ಬಂದ ನಾಲ್ಕು ಸೀಟಿನ ಉದ್ದದ ಮಾದರಿಯನ್ನು ಸಂಗ್ರಾಹಕರು ಅಷ್ಟಾಗಿ ಮೆಚ್ಚುವುದಿಲ್ಲವಾದ್ದರಿಂದ ಅದು ಕಡಿಮೆ ಬೆಲೆಗೆ ಸಿಗುತ್ತದೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಓಡಿಸಬೇಕೆನ್ನುವವರಿಗೆ ನಾನು ಹೇಳುವುದು ಅದನ್ನೇ. ಕೊಳ್ಳುವ ಮುನ್ನ ತಗಡಿನ ಕೆಲಸ ಬಲ್ಲವರನ್ನು ಕರೆದೊಯ್ದು, ಕಾರನ್ನು ಲಿಫ್ಟಿನ ಮೇಲೆ ಏರಿಸಿ, ಬಾಗಿಲ ಕೆಳಗಿನ ಪಟ್ಟಿಗಳನ್ನು ಪರೀಕ್ಷಿಸಿದ ನಂತರವೇ ಬೆಲೆಯ ಮಾತನಾಡಿ. ನಮಸ್ಕಾರ.