ಮಿಸ್ಸಿಂಗ್ ಯಾವ ಸಿಲಿಂಡರಿನದು?

ಎಲ್ಲರಿಗೂ ನಮಸ್ಕಾರ.

ಹೊರಗೆ ಮಾವಿನ ಮರದ ಕೆಳಗೆ ನಿಂತಿರುವ ಬಿಳಿ ಮಾರುತಿ 800 ನನ್ನದೇ. ಬರುವಾಗ ಅದರ ಸದ್ದು ಕೇಳಿ ಕೆಲವರು ನಕ್ಕಿರಿ. ಇವತ್ತು ಅದನ್ನು ಬೇಕೆಂದೇ ಹಾಗೆ ಬಿಟ್ಟು ತಂದಿದ್ದೇನೆ. ಅದಕ್ಕೆ ನಮ್ಮ ಕಡೆ 'ಗಾಡಿ ಮಿಸ್ಸಿಂಗ್ ಹೊಡೀತಿದೆ' ಅಂತಾರೆ. ಒಳ್ಳೆಯ ಮಾತು. ಎಂಜಿನ್ ನಡೆಯುತ್ತಾ ನಡೆಯುತ್ತಾ ಒಂದು ಹೆಜ್ಜೆ ತಪ್ಪಿಸುತ್ತಿದೆ ಅನ್ನುವುದು ಅದರಲ್ಲೇ ಇದೆ.

ಎಷ್ಟು ಹೆಜ್ಜೆ ಅಂತ ಲೆಕ್ಕ ಹಾಕೋಣ. ಈ ಗಾಡಿಯದು 796 ಸಿಸಿ, ಮೂರು ಸಿಲಿಂಡರ್, ಅಂದರೆ ಪೆಟ್ರೋಲು ಉರಿಯುವ ಮೂರು ಕೊಳವೆ. ಸುಮ್ಮನೆ ನಿಂತಾಗ ನಿಮಿಷಕ್ಕೆ ಸುಮಾರು 900 ಸುತ್ತು ತಿರುಗುತ್ತದೆ. ಎರಡು ಸುತ್ತಿಗೆ ಒಂದು ಸಲ ಒಂದೊಂದು ಸಿಲಿಂಡರ್ ಉರಿಯಬೇಕು. ಅಂದರೆ ಒಂದು ಸಿಲಿಂಡರ್ ಸೆಕೆಂಡಿಗೆ ಏಳೂವರೆ ಸಲ, ಮೂರೂ ಸೇರಿ ಇಪ್ಪತ್ತೆರಡೂವರೆ ಸಲ. ಉರಿಯುವ ಸರದಿ 1-3-2. ಇದರಲ್ಲಿ ಒಂದು ಕೈಕೊಟ್ಟರೆ ಮೂರನೇ ಒಂದು ಪಾಲು ಶಕ್ತಿ ಹೋಯಿತು. ನಾಲ್ಕು ಸಿಲಿಂಡರ್ ಗಾಡಿಯಲ್ಲಿ ಹೇಗೋ ಮನೆ ಸೇರಬಹುದು. 800ರಲ್ಲಿ ಗೇರ್ ಲಿವರ್ ನಡುಗುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡಾಗಿ ಕಾಣುತ್ತದೆ, ಸಣ್ಣ ಏರಿಗೂ ಮೊದಲನೇ ಗೇರ್ ಕೇಳುತ್ತದೆ.

ಆರು ವರ್ಷದ ಹಿಂದೆ ಜುಲೈ ತಿಂಗಳ ಮಳೆಯಲ್ಲಿ ನನಗೆ ಹೀಗೇ ಆಯಿತು. ಗ್ಯಾರೇಜಿಗೆ ಬಿಟ್ಟೆ. ಅವರು ಬಾನೆಟ್ ಎತ್ತಿ ಅರ್ಧ ನಿಮಿಷ ಕೇಳಿ, "ಸಾರ್, ಪ್ಲಗ್ಗು, ವೈರು ಎಲ್ಲಾ ಹೊಸದು ಹಾಕ್ಸಿ, ಕಾರ್ಬೊರೇಟರ್ ಕಿಟ್ಟೂ ಹಾಕಿಬಿಡೋಣ" ಅಂದರು. ಹಾಕಿದರು. ಏಳು ಸಾವಿರದ ಹತ್ತಿರ ಬಿಲ್ಲು. (ಪ್ಲಗ್ಗು ಅಂದರೆ ಸಿಲಿಂಡರಿನೊಳಗೆ ಕಿಡಿ ಹಾರಿಸುವುದು, ಕಾರ್ಬೊರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವುದು.) ಮೂರು ದಿನ ಬಿಸಿಲು ಬಿತ್ತು, ಗಾಡಿ ಚೆನ್ನಾಗಿ ಓಡಿತು. ನಾಲ್ಕನೇ ದಿನ ಮತ್ತೆ ಮಳೆ, ಮತ್ತೆ ಮಿಸ್ಸಿಂಗ್. ಆಗ ಹಟಕ್ಕೆ ಬಿದ್ದು ನಾನೇ ಬಿಚ್ಚಿ ನೋಡಿದೆ. ಸಿಕ್ಕಿದ್ದು ಏನು ಅಂತ ಆಮೇಲೆ ಹೇಳುತ್ತೇನೆ.

ಆ ಗ್ಯಾರೇಜಿನವರು ಮೋಸಗಾರರಲ್ಲ. ಅವರು ಕೇಳಿಕೊಂಡದ್ದು 'ಯಾವ ಪಾರ್ಟ್ ಹೋಗಿರಬಹುದು' ಅಂತ. ಕೇಳಬೇಕಿದ್ದದ್ದು 'ಯಾವ ಸಿಲಿಂಡರ್ ಸುಮ್ಮನಿದೆ' ಅಂತ. ಮೊದಲನೆಯ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿದೆ, ದುಡ್ಡು ಕೊಡಬೇಕು. ಎರಡನೆಯದಕ್ಕೆ ಉತ್ತರ ಬಾನೆಟ್ ಕೆಳಗೇ ಇದೆ, ಪುಕ್ಕಟೆ.

ಬಾನೆಟ್ ಎತ್ತುವ ಮೊದಲು ಇನ್ನೊಂದು ಪುಕ್ಕಟೆ ಕೆಲಸ ಇದೆ, ನೆನಪು ಮಾಡಿಕೊಳ್ಳುವುದು. ಮಿಸ್ಸಿಂಗ್ ಯಾವಾಗ ಬರುತ್ತದೆ? ಮಳೆಗಾಲದ ಬೆಳಿಗ್ಗೆ ಮಾತ್ರ ಬಂದು ಎಂಜಿನ್ ಬಿಸಿಯಾದ ಮೇಲೆ ಹೋದರೆ ಎಲ್ಲೋ ತೇವ ಕೂತು ಕರೆಂಟು ಸೋರುತ್ತಿದೆ. ನಿಂತಲ್ಲಿ ನಡುಗಿ, ಆಕ್ಸಿಲರೇಟರ್ ಒತ್ತಿದ ಕೂಡಲೇ ಸರಿಯಾದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲ ಕಾರ್ಬೊರೇಟರಿನ ಐಡಲ್ ಜೆಟ್, ಅಂದರೆ ನಿಂತಾಗ ಪೆಟ್ರೋಲು ಬಿಡುವ ಸಣ್ಣ ತೂತು, ಕಟ್ಟಿದೆ. ನಿಂತಲ್ಲಿ ಸರಿಯಿದ್ದು ಆಗುಂಬೆ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಮುಗ್ಗರಿಸಿದರೆ ಮೊದಲು ಕಿಡಿಯನ್ನೇ ಅನುಮಾನಿಸಿ. ಏಕೆಂದರೆ ಏರಿನಲ್ಲಿ ಸಿಲಿಂಡರಿನೊಳಗೆ ಒತ್ತಡ ಹೆಚ್ಚು, ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟ್ ಬೇಕು. ಬಡ ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ), ಸವೆದು ಸಂದು ಅಗಲವಾದ ಪ್ಲಗ್, ಇವು ಸಮತಟ್ಟಿನಲ್ಲಿ ಹೇಗೋ ಮಾನ ಉಳಿಸಿಕೊಂಡು ಘಾಟಿಯಲ್ಲಿ ಬಯಲಾಗುತ್ತವೆ. ಗಾಡಿ ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಮಾತ್ರ ಶುರುವಾದರೆ ಕಾಯಿಲ್ ಇರಬಹುದು, ಗಾಳಿ, ಹೊಗೆ ಹೋಗಿಬರುವ ಬಾಗಿಲಾದ ವಾಲ್ವನ್ನು ತೆರೆಯುವ ಟ್ಯಾಪೆಟ್ ಬಿಗಿಯಾಗಿರಬಹುದು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಆದಂತೆ.

ಈಗ ಸತ್ತ ಸಿಲಿಂಡರನ್ನು ಹಿಡಿಯುವುದು.

ನನಗೆ ಇಷ್ಟವಾದ ಉಪಾಯ ದೋಸೆ ಹುಯ್ಯುವವರದು. ಕಾವಲಿ ಕಾದಿದೆಯೋ ಅಂತ ಹೇಗೆ ನೋಡುತ್ತೀರಿ? ನೀರು ಚಿಮುಕಿಸುತ್ತೀರಿ. ರಾತ್ರಿಯಿಡೀ ತಣ್ಣಗಿದ್ದ ಎಂಜಿನನ್ನು ಸ್ಟಾರ್ಟ್ ಮಾಡಿ ಒಂದು ನಿಮಿಷ ಬಿಡಿ. ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಸಿಲಿಂಡರಿಗೊಂದರಂತೆ ಮೂರು ಕವಲು ಇವೆ. ತಗಡಿನ ಮರೆಯ ಸಂದಿನಿಂದ ಒಂದೊಂದರ ಮೇಲೂ ಎರಡು ಹನಿ ನೀರು ಬಿಡಿ. ಎರಡು ಚುಂಯ್ ಅನ್ನುತ್ತವೆ. ಒಂದರ ಮೇಲೆ ನೀರು ಸುಮ್ಮನೆ ಹರಿದುಹೋಗುತ್ತದೆ. ಅದೇ ನಿಮ್ಮ ಸೋಮಾರಿ. ಹನಿ ಅಂದರೆ ಹನಿ, ಕಾದ ಬೀಡು ಕಬ್ಬಿಣಕ್ಕೆ ಚೊಂಬುಗಟ್ಟಲೆ ನೀರು ಹುಯ್ದರೆ ಬಿರುಕು ಬಿಡುತ್ತದೆ.

ಇನ್ನೊಂದು ದಾರಿ ಒಂದೊಂದೇ ಸಿಲಿಂಡರಿನ ಕರೆಂಟು ತಪ್ಪಿಸುವುದು. ತಪ್ಪಿಸಿದಾಗ ಎಂಜಿನ್ ಇನ್ನೂ ಕುಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಅದು ಮೊದಲೇ ಸತ್ತಿತ್ತು. ಓಡುವ ಎಂಜಿನ್ನಿನಿಂದ ಪ್ಲಗ್ ವೈರನ್ನು ಬರಿಗೈಯಲ್ಲಿ ಕಿತ್ತು ಶೂರತನ ತೋರಿಸಬೇಡಿ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಕಾಯಿಲ್ ಹದಿನೈದು, ಇಪ್ಪತ್ತು ಸಾವಿರ ವೋಲ್ಟ್ ಎಬ್ಬಿಸುತ್ತದೆ. ಕಿತ್ತ ವೈರನ್ನು ಗಾಳಿಯಲ್ಲಿ ಬಿಟ್ಟರೆ ಆ ಕರೆಂಟು ಹೋಗಲು ದಾರಿ ಹುಡುಕಿ ಕಾಯಿಲನ್ನೋ ಕಾಯಿಲಿಗೆ ಕರೆಂಟು ಬಿಟ್ಟು ತಡೆಯುವ ಇಗ್ನಿಷನ್ ಮಾಡ್ಯೂಲನ್ನೋ ಸುಡಬಹುದು. ಎಂಜಿನ್ ನಿಲ್ಲಿಸಿ, ವೈರು ತೆಗೆದು, ಅದರ ಬಾಯಿಗೆ ಒಂದು ಹಳೆ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಮೈ ಎಂಜಿನ್ನಿನ ಕಬ್ಬಿಣಕ್ಕೆ ಗಟ್ಟಿಯಾಗಿ ತಾಗುವಂತೆ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡಿ. ಹತ್ತು ಸೆಕೆಂಡ್ ಸಾಕು. ಉರಿಯದ ಪೆಟ್ರೋಲು ಸೈಲೆನ್ಸರಿಗೆ ಹೋಗುತ್ತಿರುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಅದು ಕೆಂಡವಾಗುತ್ತದೆ. ಪಂಚೆ ಉಟ್ಟವರು, ಸೆರಗು ಇಳಿಬಿಟ್ಟವರು ಬೆಲ್ಟಿನ ಹತ್ತಿರ ಬಗ್ಗಬೇಡಿ.

ಎರಡನೇ ಸಿಲಿಂಡರ್ ಸತ್ತಿದೆ ಅಂತ ಗೊತ್ತಾಯಿತು ಅನ್ನಿ. ಈಗಲೂ ಅಂಗಡಿಗೆ ಹೋಗಬೇಡಿ. ಎರಡನೆಯದರ ಪ್ಲಗ್ ಬಿಚ್ಚಿ ಮೂರನೆಯದಕ್ಕೆ, ಮೂರನೆಯದರದು ಎರಡನೆಯದಕ್ಕೆ ಹಾಕಿ. ಮಿಸ್ಸಿಂಗ್ ಮೂರಕ್ಕೆ ಹೋಯಿತೇ? ಪ್ಲಗ್ ಕೆಟ್ಟಿದೆ. ಎರಡರಲ್ಲೇ ಕೂತಿದೆಯೇ? ಪ್ಲಗ್ ನಿರಪರಾಧಿ, ಈಗ ವೈರು ಅದಲು ಬದಲು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದಿರೋ, ಗಾಡಿ ಸರಿಹೋದರೂ ಯಾವುದರಿಂದ ಹೋಯಿತು ಅಂತ ತಿಳಿಯುವುದಿಲ್ಲ. ತಿಳಿಯದೆ ಸರಿಹೋದದ್ದು ತಿಳಿಯದೆ ಕೆಡುತ್ತದೆ, ನನ್ನ ಏಳು ಸಾವಿರದ ಕತೆ ಅದೇ.

ಪ್ಲಗ್ ಬಿಚ್ಚಿದಾಗ ಅದರ ಮುಖ ನೋಡಿ. ಕಾಫಿ ಬಣ್ಣ ಇದ್ದರೆ ಒಳಗೆ ಎಲ್ಲ ಕ್ಷೇಮ. ಲಾಂದ್ರದ ಗಾಜಿನ ಹಾಗೆ ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ. ಪೆಟ್ರೋಲಿನಲ್ಲಿ ನೆಂದು ಒದ್ದೆಯಾಗಿದ್ದರೆ ಅಲ್ಲಿ ಕಿಡಿಯೇ ಹಾರಿಲ್ಲ. ಎಣ್ಣೆಯ ಜಿಡ್ಡಿದ್ದರೆ ಎಣ್ಣೆ ಒಳಗೆ ಬಾರದಂತೆ ತಡೆಯುವ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸೋತಿದೆ. ಸುಟ್ಟು ಬೆಳ್ಳಗಾಗಿದ್ದರೆ ಎಲ್ಲೋ ಗಾಳಿ ಎಳೆದು ಮಿಶ್ರಣ ತೆಳುವಾಗಿದೆ. ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಎಸೆಯಿರಿ. ಒಂದು ಮಾತು: ನಕಲಿ ಪ್ಲಗ್ಗುಗಳು ಅಸಲಿ ಡಬ್ಬಿಯಲ್ಲೇ ಬರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯೇ ಇರಲಿ, ನಿಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯೇ ಇರಲಿ, ಅರ್ಧ ಬೆಲೆಗೆ ಕೊಟ್ಟರೆ ಬೇಡ ಅನ್ನಿ.

ಇನ್ನು ಡೆಲ್ಕೋ. ನಮ್ಮ ಮೆಕ್ಯಾನಿಕ್ಕುಗಳು ಕಾಯಿಲಿನ ಕರೆಂಟನ್ನು ಸರದಿಯಂತೆ ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿಗೆ ಡೆಲ್ಕೋ ಅನ್ನುತ್ತಾರಲ್ಲ, ಅದು ಒಂದು ಕಂಪನಿಯ ಹೆಸರು. 1909ರಲ್ಲಿ ಅಮೆರಿಕದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ ಕಟ್ಟಿದ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ, ಅದರ ಮೊದಲಕ್ಷರಗಳು. ನೂರು ವರ್ಷ ದಾಟಿದ ಮೇಲೂ ಆ ಹೆಸರು ಶಿವಮೊಗ್ಗದ ಗ್ಯಾರೇಜಿನಲ್ಲಿ ಬದುಕಿದೆ ಅನ್ನುವುದು ನನಗೆ ಯಾಕೋ ಖುಷಿ.

ನಾನು ಆರು ವರ್ಷದ ಹಿಂದೆ ಬಿಚ್ಚಿದ ಡೆಲ್ಕೋ ಕ್ಯಾಪ್ ಇಲ್ಲಿದೆ, ಕೈಯಿಂದ ಕೈಗೆ ದಾಟಿಸಿ. ಒಳಗೆ ಎರಡನೇ ಸಿಲಿಂಡರಿನ ವೈರು ಕೂರುವ ಕಂಬದಿಂದ ಅಂಚಿನವರೆಗೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪೆನ್ಸಿಲಿನಲ್ಲಿ ಗೀಚಿದಂಥ ಒಂದು ಗೆರೆ. ಬಟ್ಟೆಯಲ್ಲಿ ಉಜ್ಜಿದರೆ ಹೋಗುವುದಿಲ್ಲ, ಉಗುರು ಆಡಿಸಿದರೆ ತಾಗುತ್ತದೆ. ಕರೆಂಟು ಪ್ಲಾಸ್ಟಿಕ್ಕನ್ನು ಸುಟ್ಟು ಇದ್ದಿಲಿನ ಕಾಲುದಾರಿ ಮಾಡಿಕೊಂಡಿದೆ. ಒಣ ಹವೆಯಲ್ಲಿ ಕಿಡಿ ಸರಿದಾರಿಯಲ್ಲೇ ಪ್ಲಗ್ಗಿಗೆ ಹೋಗುತ್ತದೆ, ತೇವ ಕೂತರೆ ಈ ಅಡ್ಡದಾರಿಯಲ್ಲಿ ಇಳಿದು ಎಂಜಿನ್ನಿನ ಮೈಗೆ ಸೇರಿಹೋಗುತ್ತದೆ. ಮಳೆ ಬಂದಾಗ ಮಾತ್ರ ಮಿಸ್ಸಿಂಗ್ ಯಾಕೆ ಅಂತ ಈಗ ತಿಳಿಯಿತಲ್ಲ? ಹೊಸ ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಎರಡೂ ಸೇರಿ ಐನೂರು ರೂಪಾಯಿ ಆಗಲಿಲ್ಲ. ಕ್ಯಾಪಿನ ನಡುವೆ ಇರುವ ಇದ್ದಿಲಿನ ಸಣ್ಣ ಗುಂಡಿಯನ್ನೂ ಒತ್ತಿ ನೋಡಿ, ಸ್ಪ್ರಿಂಗ್ ಇರಬೇಕು.

ವೈರಿಗೆ ಮಲ್ಟಿಮೀಟರ್ ಹಿಡಿದರೆ ಕೆಲವು ಸಾವಿರ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಇಲಿ ಕಡಿದ ಗುರುತು ಹುಡುಕಿ, ಮಲೆನಾಡಿನಲ್ಲಿ ಅಡಿಕೆ ಕಣದ ಪಕ್ಕ ಗಾಡಿ ನಿಲ್ಲಿಸುವವರಿಗೆ ಇದನ್ನು ವಿವರಿಸಬೇಕಿಲ್ಲ.

ಕಿಡಿ ಸರಿಯಿದ್ದರೆ ಗಾಳಿ ನೋಡಿ. ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡಿಗೆ ಸೇರುವ ಸಣ್ಣ ರಬ್ಬರ್ ಹೋಸುಗಳು ಒಣಗಿ ಸೀಳಿರುತ್ತವೆ. ಎರಡಡಿ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಹೋಸಿನ ಸುತ್ತ ಆಡಿಸಿ, ಬುಸ್ ಅನ್ನುವ ಸದ್ದು ಹಿಡಿಯಬಹುದು. ಕೆಲವರು ಬಿಸಿ ಎಂಜಿನ್ ಮೇಲೆ ಪೆಟ್ರೋಲು ಚಿಮುಕಿಸಿ ಪರೀಕ್ಷೆ ಮಾಡುತ್ತಾರೆ. ಬೇಡ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಅದು ತೇವ ಹೀರುತ್ತದೆ, ಹಳೆ ಕಾಲದ ರಬ್ಬರಿಗೂ ಅದಕ್ಕೂ ಆಗಿಬರುವುದಿಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಟ್ಯಾಂಕಿನ ತಳದಲ್ಲಿ ನೀರು ಸೇರಿರುವ ಅನುಮಾನ ಇಟ್ಟುಕೊಳ್ಳಿ.

ಕೊನೆಗೆ ಉಳಿಯುವುದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಅದುಮಿದಾಗ ಏಳುವ ಒತ್ತಡ. ಇದಕ್ಕೆ ಗೇಜ್ ಬೇಕು, ಕೊಳ್ಳಬೇಡಿ, ಕೇಳಿ ತನ್ನಿ. ಬಿಸಿ ಎಂಜಿನ್, ಮೂರೂ ಪ್ಲಗ್ ಹೊರಗೆ, ಕಾಯಿಲಿನ ಕರೆಂಟು ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಅಂಕಿ ಎಷ್ಟು ಅನ್ನುವುದಕ್ಕಿಂತ ಮೂರೂ ಹತ್ತಿರ ಹತ್ತಿರ ಇವೆಯೇ ಅನ್ನುವುದು ಮುಖ್ಯ. ಒಂದು ಮಾತ್ರ ಬಿದ್ದಿದ್ದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗು, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಸಿಲಿಂಡರುಗಳ ಮುಚ್ಚಳವಾದ ಹೆಡ್ಡಿನ ಕೆಳಗಿರುವ ಹೆಡ್ ಗ್ಯಾಸ್ಕೆಟ್. ವಾಲ್ವ್ ಅಂತ ಬಂದ ಕೂಡಲೇ ಹೆಡ್ ಇಳಿಸಬೇಡಿ, ಮೊದಲು ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿ. ಬಿಗಿಯಾದ ಟ್ಯಾಪೆಟ್ ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ.

ಎಂಪಿಎಫ್‌ಐ ಗಾಡಿಯವರಿಗೆ, ಅಂದರೆ ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುವ ಗಾಡಿ ಇರುವವರಿಗೆ, ಎರಡು ಮಾತು. ನಿಮ್ಮದರಲ್ಲಿ ಗಾಡಿಯ ದೋಷದ ಕೋಡ್ ಓದಲು ಬಿಟ್ಟಿರುವ ಒಬಿಡಿ ಸಾಕೆಟ್ ಇದ್ದರೆ ಕೆಲವು ನೂರು ರೂಪಾಯಿಯ ಬ್ಲೂಟೂತ್ ಅಡಾಪ್ಟರ್ ಸಾಕು, ಪಿ0302 ಅಂತ ತೋರಿಸಿದರೆ ಎರಡನೇ ಸಿಲಿಂಡರ್. ಅದು ಸಿಲಿಂಡರಿನ ನಂಬರು, ಕೊಳ್ಳಬೇಕಾದ ಪಾರ್ಟಿನ ನಂಬರಲ್ಲ. ಅಲ್ಲಿಂದ ಮುಂದೆ ನೀವೂ ಪ್ಲಗ್, ಕಾಯಿಲ್ ಅದಲು ಬದಲು ಮಾಡಿಯೇ ನೋಡಬೇಕು. ಎಂಜಿನ್ ದೀಪ ಮಿಟುಕುತ್ತಿದ್ದರೆ ಗಾಡಿ ಓಡಿಸಬೇಡಿ.

ಈಗ ಆರೂ ಮುಕ್ಕಾಲು, ಕತ್ತಲಾಗಲಿ ಅಂತಲೇ ಇಷ್ಟು ಹೊತ್ತು ಎಳೆದೆ. ಗಾಡಿಗೆ ಇನ್ನೊಂದು ಹಳೇ ಕ್ಯಾಪ್, ಸೀಳು ಬಿಟ್ಟ ಒಂದು ವೈರು ಹಾಕಿ ತಂದಿದ್ದೇನೆ. ಅಂಗಳದ ದೀಪ ಆರಿಸಿಬಿಡಿ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ಇದ್ದರೆ ಯಾರಾದರೂ ತನ್ನಿ. ಸ್ಟಾರ್ಟ್ ಮಾಡಿ ನೀರಿನ ಮಂಜು ಹೊಡೆದ ಕೂಡಲೇ ವೈರಿನ ಮೈಮೇಲೆ ನೀಲಿ ಕಿಡಿ ಹರಿದಾಡುತ್ತದೆ. ಮಕ್ಕಳನ್ನು ಒಂದು ಮಾರು ದೂರ ನಿಲ್ಲಿಸಿ. ಬನ್ನಿ, ಯಾವ ಸಿಲಿಂಡರ್ ಅಂತ ನೀವೇ ಹೇಳುವಿರಂತೆ.